ನಡುವೆ ಬಿಟ್ಟ ಜಾಗ

ಮಾರ್ಚ್ 3, ಸೋಮವಾರ

ಹೊರಟೇಬಿಟ್ಟೆ. ವ್ಯಾನಿನ ಕೊನೆಯ ಸೀಟು, ಮಡಿಲಲ್ಲಿ ಬಣ್ಣದ ಪೆಟ್ಟಿಗೆ, ಕಾಲ ಬುಡದಲ್ಲಿ ಮಡಚುವ ಸ್ಟ್ಯಾಂಡು. ಅಣ್ಣ ಸ್ಟುಡಿಯೋ ಬಾಗಿಲಲ್ಲಿ ನಿಂತು, "ಎರಡು ದಿನ ನೋಡ್ತೀನಿ ಪುಟ್ಟಿ, ಮೂರನೇ ದಿನ ನೀನೇ ಬಸ್ಸು ಹತ್ತಿ ಬರ್ತೀಯ" ಎಂದ. ಐವತ್ತಮೂರು ವರ್ಷದವಳನ್ನು ನಡುಬೀದಿಯಲ್ಲಿ ಪುಟ್ಟಿ ಎಂದು ಕರೆಯುವ ಧೈರ್ಯ ಅವನೊಬ್ಬನಿಗೇ. ನಾನು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ವ್ಯಾನು ಹೊರಡುವುದು ಒಂದು ಗಂಟೆ ತಡವಾಗುತ್ತಿತ್ತು.

ಅವನು ನಿನ್ನೆ ಅಂದ ಮಾತನ್ನು ಮಾತ್ರ ಇಲ್ಲಿ ಬರೆದಿಡುತ್ತೇನೆ, ನನಗೆ ಮರೆತುಹೋಗಬಾರದು. "ನೀನು ಪರದೆ ಬರೆಯೋಳು. ಚಿತ್ರ ಬರೆಯೋರೇ ಬೇರೆ."

ಮೂವತ್ತೊಂದು ವರ್ಷ ಅವನ ಸ್ಟುಡಿಯೋಗೆ ಪರದೆ ಬರೆದಿದ್ದೇನೆ. ಫೋಟೋ ತೆಗೆಸಿಕೊಳ್ಳುವವರ ಬೆನ್ನ ಹಿಂದಿನ ಬೆಟ್ಟ, ಕೆರೆ, ಅರಮನೆಯ ಮೆಟ್ಟಿಲು, ಗುಲಾಬಿ ತೋಟ ಎಲ್ಲ ನನ್ನ ಕೈಯವು. ಊರಿನ ಅರ್ಧ ಮನೆಗಳ ಗೋಡೆಯ ಮೇಲೆ ನನ್ನ ಮೋಡಗಳಿವೆ. ಈಗ ಕಂಪ್ಯೂಟರಿನಲ್ಲೇ ಬೆಟ್ಟ ತಂದು ಕೂರಿಸುತ್ತಾರೆ, ಪರದೆ ಕೇಳುವವರಿಲ್ಲ. ಹಾಗಾದರೆ ನಿಜವಾದ ಬೆಟ್ಟವನ್ನೇ ಬರೆಯಲು ಹೋಗುತ್ತೇನೆ ಎಂದೆ. ಅದಕ್ಕೇ ಇಷ್ಟೆಲ್ಲ ರಂಪ.

ಹದಿಮೂರು ದಿನದ ಪ್ರವಾಸ. ಕರೆದುಕೊಂಡು ಹೋಗುತ್ತಿರುವವರು ಚಿತ್ರಕಲಾ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಅವರೂ ಸೇರಿ ಒಂಬತ್ತು ಜನ. ಹೊಸ ಹೊಸ ಜಾಗದಲ್ಲಿ ಬಯಲಲ್ಲಿ ಕೂತು ಕಣ್ಣೆದುರು ಇದ್ದದ್ದನ್ನು ಬರೆಯಬೇಕು. ಕೊನೆಯ ದಿನ ಒಂದು ಊರಿನ ಲೈಬ್ರರಿ ಹಾಲಿನಲ್ಲಿ ಪ್ರದರ್ಶನ. ಮೇಷ್ಟ್ರು ಒಪ್ಪಿದ ಚಿತ್ರ ಮಾತ್ರ ಗೋಡೆ ಏರುತ್ತದೆ.

ನನ್ನದು ಏರಬೇಕು. ಅಣ್ಣ ಬಂದು ನೋಡಬೇಕು. ಆಮೇಲೆ ಅವನು ಏನು ಬೇಕಾದರೂ ಅನ್ನಲಿ.

ಮಾರ್ಚ್ 4, ಮಂಗಳವಾರ

ಮೊದಲ ದಿನವೇ ನಗೆಪಾಟಲು.

ಬೋಳು ಬೆಟ್ಟದ ಎದುರು ಕೂತೆವು. ಉಳಿದವರು ಇನ್ನೂ ಪೆನ್ಸಿಲ್ ಚೂಪು ಮಾಡುತ್ತಿದ್ದರು, ನಾನು ಅರ್ಧ ಗಂಟೆಯಲ್ಲಿ ಬೆಟ್ಟ, ಮೋಡ, ತಪ್ಪಲಿನ ಹುಲ್ಲು ಎಲ್ಲ ಮುಗಿಸಿ ಕೈ ಒರೆಸಿಕೊಂಡೆ. ಮೇಷ್ಟ್ರು ಬಂದು ಹಿಂದೆ ನಿಂತರು.

"ಬೆಟ್ಟದ ಕಡೆ ಎಷ್ಟು ಸಲ ನೋಡಿದ್ರಿ?"

"ಬೆಟ್ಟ ಎಲ್ಲಿಗೆ ಹೋಗುತ್ತೆ ಮೇಷ್ಟ್ರೇ, ಅಲ್ಲೇ ಇರುತ್ತಲ್ಲ."

"ಬಿಸಿಲು ಯಾವ ಕಡೆಯಿಂದ ಬೀಳ್ತಿದೆ?"

ತಲೆ ಎತ್ತಿ ನೋಡಿದೆ. ಬಲಗಡೆಯಿಂದ. ನನ್ನ ಚಿತ್ರದಲ್ಲಿ ಎಡಗಡೆಯಿಂದ ಬಿದ್ದಿತ್ತು. ಅಣ್ಣನ ಸ್ಟುಡಿಯೋದ ದೊಡ್ಡ ದೀಪ ಇರುವುದು ಎಡಕ್ಕೆ. ಪರದೆಯ ಬೆಳಕೂ ಆ ಕಡೆಯಿಂದಲೇ ಬರಬೇಕು, ಇಲ್ಲದಿದ್ದರೆ ಕೂತವರ ಮುಖ ಅಂಟಿಸಿದ ಹಾಗೆ ಕಾಣುತ್ತದೆ. ಮೂವತ್ತೊಂದು ವರ್ಷ ನನ್ನ ಸೂರ್ಯ ಎಡಗಡೆಯೇ ಹುಟ್ಟಿದ್ದಾನೆ. ಇವತ್ತು ಅವನು ಜಾಗ ಬದಲಾಯಿಸಿದರೆ ಅದು ನನ್ನ ತಪ್ಪೇ?

ಇದನ್ನು ವಿವರಿಸಿದ್ದೇ ಎಡವಟ್ಟಾಯಿತು. ಗುಂಪಿನಲ್ಲಿರುವ ಲಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಊಟದ ಹೊತ್ತಿಗೆ ನನಗೆ "ಪರದೆಯಮ್ಮ" ಎಂದು ಹೆಸರು ಬಿದ್ದಾಗಿತ್ತು. ಕರೆಯಲಿ. ಅವರ ಮನೆಯ ಮದುವೆ ಫೋಟೋದ ಹಿಂದೆಯೂ ಯಾರೋ ಒಬ್ಬ ಪರದೆಯವನ ಕೈ ಇದ್ದೇ ಇರುತ್ತದೆ.

ಅಣ್ಣನಿಗೆ ಫೋನು ಮಾಡಿ ಎಲ್ಲ ಚೆನ್ನಾಗಿದೆ ಎಂದೆ.

ಮಾರ್ಚ್ 6, ಗುರುವಾರ

ದಡಕ್ಕೆ ಎಳೆದಿಟ್ಟ ದೋಣಿಗಳು. ಈ ಸಲ ಸೂರ್ಯನನ್ನು ಹತ್ತು ಸಲ ಕೇಳಿ ಬರೆದೆ. ಎಡಕ್ಕೆ ಎರಡು ದೋಣಿ, ಬಲಕ್ಕೆ ಬಲೆಯ ರಾಶಿ, ಹಿಂದೆ ನೀರು. ನನಗೇ ಹೆಮ್ಮೆಯಾಯಿತು.

"ನಡುವೆ ಏನಿದೆ?" ಎಂದರು ಮೇಷ್ಟ್ರು.

"ಮರಳು."

"ಎದುರಿಗೆ ನೋಡಿ. ನಡುವೆ ದೊಡ್ಡ ಕೆಂಪು ದೋಣಿ ಇದೆ. ಅದನ್ನ ಯಾಕೆ ಬಿಟ್ರಿ?"

ಇತ್ತು. ಎದ್ದು ಮುಖಕ್ಕೆ ಹೊಡೆಯುವ ಕೆಂಪು. ನಾನು ಅದನ್ನು ನೋಡಿಯೇ ಇರಲಿಲ್ಲ. ನೋಡಲಿಲ್ಲ ಎನ್ನುವುದೂ ಸುಳ್ಳು, ಕಣ್ಣಿಗೆ ಬಿದ್ದಿತ್ತು, ಕೈ ಬಿಟ್ಟುಬಿಟ್ಟಿತು. ಪರದೆಯ ನಡುವೆ ಏನೂ ಇರಬಾರದು. ಅಲ್ಲಿ ಮದುಮಕ್ಕಳು ನಿಲ್ಲುತ್ತಾರೆ, ಅಜ್ಜಿ ಕೂರುತ್ತಾಳೆ, ಮಗುವನ್ನು ಸ್ಟೂಲಿನ ಮೇಲೆ ನಿಲ್ಲಿಸುತ್ತಾರೆ. ನಡುವೆ ಮರ ಬರೆದರೆ ಮದುಮಗನ ತಲೆಯಿಂದ ಕೊಂಬೆ ಮೂಡುತ್ತದೆ. ಅಪ್ಪ ನನಗೆ ಕುಂಚ ಹಿಡಿಯಲು ಕಲಿಸಿದ ದಿನ ಮೊದಲು ಹೇಳಿದ್ದೇ ಇದು, ನಡುವೆ ಜಾಗ ಬಿಡು ಮತ್ತು ಮುಖಕ್ಕಿಂತ ಪರದೆ ಮೆರೆಯಬಾರದು. ಆ ಎರಡು ಮಾತು ಪಾಲಿಸಿದ್ದಕ್ಕೇ ನಮ್ಮ ಸ್ಟುಡಿಯೋದ ಫೋಟೋ ಎಂದರೆ ಜನ ಇಷ್ಟಪಡುತ್ತಿದ್ದರು.

ಮೇಷ್ಟ್ರಿಗೆ ಹೇಳಿದೆ. ಅವರು ನಗಲಿಲ್ಲ, ಅದೊಂದು ದೊಡ್ಡತನ. "ಇಲ್ಲಿ ಯಾರೂ ನಿಲ್ಲಲ್ಲಮ್ಮ" ಎಂದರು. "ಹೀಗೇ ಖಾಲಿ ಬಿಟ್ಟರೆ ನಿಮ್ಮದನ್ನ ಗೋಡೆಗೆ ಹಾಕೋಕಾಗಲ್ಲ."

ನೋಡೋಣ, ಯಾರು ಹಾಕುವುದಿಲ್ಲವೋ.

ಮಾರ್ಚ್ 7, ಶುಕ್ರವಾರ

ಬಯಲು. ನಡುವೆ ಒಂದು ಮರ ಬರೆದೆ. ಆ ಮರ ಎಲ್ಲಿದೆ ತೋರಿಸಿ ಎಂದರು ಮೇಷ್ಟ್ರು. ಮರ ಇರಲಿಲ್ಲ. ಹಾಳೆ ಹರಿದು ಹಾಕಿದೆ. ಅವರೆದುರಿಗೇ ಹರಿದೆ.

ಮಾರ್ಚ್ 9, ಭಾನುವಾರ

ಅಣ್ಣನ ಫೋನು. ಹೊಸದಾಗಿ ಕಟ್ಟಿದ ಕಲ್ಯಾಣ ಮಂಟಪದವರು ಬಂದಿದ್ದರಂತೆ. ವೇದಿಕೆಯ ಹಿಂದೆ ಮೂವತ್ತು ಅಡಿ ಅಗಲದ ಪರದೆ ಬೇಕಂತೆ, ಜಲಪಾತದ್ದು, ಹಳೇ ಕಾಲದ ಥರ ಕೈಯಲ್ಲೇ ಬರೆದದ್ದು.

"ಬುಧವಾರದೊಳಗೆ ಬಾ" ಎಂದ.

"ನನ್ನ ಪ್ರವಾಸ ಶನಿವಾರ ಮುಗಿಯುತ್ತೆ."

"ಅದೇನು ಪ್ರವಾಸಾನೋ! ಬಿಸಿಲಲ್ಲಿ ಕೂತು ಮುಖ ಕಪ್ಪು ಮಾಡ್ಕೊಳ್ಳೋದು. ಬುಧವಾರ ಬರದೆ ಇದ್ರೆ ಬೇರೆಯವರ ಕೈಲಿ ಮಾಡಿಸ್ತೀನಿ. ಮತ್ತೆ ಮೇಲಿನ ಕೋಣೆ ಸುಮ್ನೆ ಯಾಕೆ? ಟೈಲರ್ ಕೇಳ್ತಿದಾನೆ, ಕೊಟ್ಟುಬಿಡ್ತೀನಿ."

ಮೇಲಿನ ಕೋಣೆ ಎಂದರೆ ನಾನು ಪರದೆ ಬರೆಯುವ ಕೋಣೆ. ಸ್ಟುಡಿಯೋದ ಮೇಲೆ, ಗಾಜಿನ ಹೆಂಚಿನಿಂದ ಬೆಳಕು ಬೀಳುವ ಉದ್ದನೆಯ ಕೋಣೆ. ಗೋಡೆಗೆ ಬಟ್ಟೆ ಬಿಗಿದು, ಅಂಟು ಮತ್ತು ಸುಣ್ಣದ ಪುಡಿ ಬಳಿದು, ಒಣಗುವ ತನಕ ಕಿಟಕಿಯಲ್ಲಿ ಕೂತು ಚಹಾ ಕುಡಿದದ್ದು ಅಲ್ಲೇ. ಅಣ್ಣನ ಮನೆಯಲ್ಲಿ ನನಗೆ ಮಲಗಲು ಜಾಗ ಇದೆ, ಅತ್ತಿಗೆ ಒಳ್ಳೆಯವಳು, ಯಾವುದಕ್ಕೂ ಕಡಿಮೆ ಮಾಡಿಲ್ಲ. ಆದರೆ ನನ್ನದು ಎಂದು ಇರುವುದು ಆ ಕೋಣೆ ಒಂದೇ. ಅದು ಅವನಿಗೂ ಗೊತ್ತು. ಗೊತ್ತಿದ್ದೇ ಅಲ್ಲಿಗೆ ಕೈ ಹಾಕಿದ್ದಾನೆ.

"ಶನಿವಾರ" ಎಂದೆ.

"ಬುಧವಾರ" ಎಂದ. ಫೋನು ಇಟ್ಟ.

ನಾಳೆ ಬೆಳಿಗ್ಗೆ ಇಲ್ಲಿಂದ ನೇರ ಬಸ್ಸಿದೆಯಂತೆ. ನಾನೇನೂ ಕೇಳಲಿಲ್ಲ, ಲಾಡ್ಜಿನವನು ತಾನಾಗಿ ಹೇಳಿದ. ಸರಿ, ಕೇಳಿದೆ. ಕೇಳಿದರೆ ಹೋಗಲೇಬೇಕು ಎಂದೇನಿಲ್ಲವಲ್ಲ.

ಮಾರ್ಚ್ 11, ಮಂಗಳವಾರ

ಹೋಗಲಿಲ್ಲ.

ಇವತ್ತು ಕೈಬಿಟ್ಟ ಕಲ್ಲುಗಣಿ. ನನ್ನ ಜೊತೆ ಕೋಣೆಯಲ್ಲಿರುವವರು ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ, ಪಕ್ಕದಲ್ಲಿ ಕೂತಿದ್ದರು. ಅವರ ಚಿತ್ರಗಳು ನೋಡಲು ಏನೇನೂ ಚೆನ್ನಾಗಿರುವುದಿಲ್ಲ, ಅದರ ಬಗ್ಗೆ ಅವರಿಗೆ ಒಂಚೂರೂ ಬೇಜಾರಿಲ್ಲ. ಅಣ್ಣನ ವಿಷಯ ಹೇಳಿಕೊಂಡೆ. ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ.

"ನಿಮ್ಮಣ್ಣನ ಮಾತು ಬಿಡಿ, ಅವರು ಇಲ್ಲಿಲ್ಲ" ಎಂದರು. "ಆ ಬಂಡೆ ಯಾವ ಬಣ್ಣ ಹೇಳಿ."

"ಬೂದು."

"ನಾನೂ ಹಾಗೇ ಅಂದ್ಕೊಂಡಿದ್ದೆ. ಸರಿಯಾಗಿ ನೋಡಿ. ಮೂವತ್ತು ವರ್ಷ ನಾನು ರೋಗಿಗಳ ಕೈ ಹಿಡ್ಕೊಂಡು ಬರೀ ನರ ನೋಡಿದೀನಿ. ಸೂಜಿ ಎಲ್ಲಿ ಚುಚ್ಚಬೇಕು, ಅಷ್ಟೇ. ಕೈ ಹೆಂಗಿತ್ತು ಅಂತ ಕೇಳಿದ್ರೆ ಒಂದೂ ನೆನಪಿಲ್ಲ."

ನೋಡಿದೆ. ಬಂಡೆ ಬೂದಾಗಿರಲಿಲ್ಲ. ನೆರಳಿನ ಕಡೆ ನೇರಳೆ, ನೀರು ಇಳಿದ ಗೆರೆಯಲ್ಲಿ ತುಕ್ಕಿನ ಕೆಂಪು, ಒಡೆದ ಅಂಚಿನಲ್ಲಿ ಎಳೆ ಹಸಿರು. ಪರದೆಗೆ ನಾನು ಬಂಡೆಗೆಂದೇ ಒಂದು ಬೂದು ಬಣ್ಣ ಡಬ್ಬಿಗಟ್ಟಲೆ ಕಲಸಿ ಇಡುತ್ತಿದ್ದೆ. ಇವತ್ತು ಒಂದು ಅಂಗೈಯಗಲ ಬಂಡೆಗೆ ಹನ್ನೊಂದು ಬಣ್ಣ ಕಲಸಿದೆ, ಆದರೂ ಒಂದು ಜಾಗ ಸಿಗಲಿಲ್ಲ. ಮೋಡ ಬಂದು ಬಣ್ಣವೆಲ್ಲ ಬದಲಾಯಿತು. ಮೋಡಕ್ಕೆ ಬೈದೆ. ಅದು ಸರಿಯುವ ತನಕ ಕುಂಚ ಹಿಡಿದು ಕಾದೆ. ಸರಿದ ಮೇಲೆ ಬಿಸಿಲು ಬೇರೆ ಕಡೆಗೆ ಹೋಗಿತ್ತು, ಮತ್ತೆ ಮೊದಲಿನಿಂದ ನೋಡಿದೆ.

ಚಿತ್ರ ಮುಗಿಯಲಿಲ್ಲ. ಮೇಷ್ಟ್ರು ನೋಡಿ ಮುಂದೆ ಹೋದರು. ಹೇಗಿದೆ ಎಂದು ನಾನೂ ಕೇಳಲಿಲ್ಲ. ಕಲಸಿದ ನೇರಳೆ ಇನ್ನೂ ಉಗುರಿನಲ್ಲಿದೆ.

ಮಾರ್ಚ್ 12, ಬುಧವಾರ

ಅಣ್ಣನ ಮೆಸೇಜು. ಟೈಲರ್ ಮಿಷನ್ನು ತಂದಿಟ್ಟಾಯಿತಂತೆ. ನನ್ನ ಡಬ್ಬಿ, ಕುಂಚಗಳು ಮೆಟ್ಟಿಲ ಕೆಳಗಿವೆಯಂತೆ.

ಉತ್ತರ ಬರೆಯಲಿಲ್ಲ. ಬಾತ್‌ರೂಮಿನ ನಲ್ಲಿ ತಿರುಗಿಸಿಟ್ಟು ಒಂದು ಹತ್ತು ನಿಮಿಷ ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದುಕೊಂಡು ನಾಳೆಗೆ ಹಾಳೆ ಬಿಗಿದಿಟ್ಟೆ.

ಮಾರ್ಚ್ 13, ಗುರುವಾರ

ಕೈ ನೋಯುತ್ತಿದೆ, ಆದರೂ ಬರೆಯಲೇಬೇಕು.

ಇವತ್ತು ಹೊಳೆ. ಬೇಸಿಗೆಗೆ ಇಳಿದು, ಆ ಕಡೆ ದಡದ ಹತ್ತಿರ ಒಂದು ಸಣ್ಣ ಹರಿವು ಉಳಿದಿದೆ. ಉಳಿದದ್ದೆಲ್ಲ ಅಗಲವಾದ ಮರಳು. ಎಲ್ಲರೂ ಈ ಕಡೆಯ ಎತ್ತರದ ದಡದಲ್ಲಿ, ಮರಗಳ ನೆರಳಿನಲ್ಲಿ ಸಾಲಾಗಿ ಸ್ಟ್ಯಾಂಡು ಹೂಡಿದರು. ನಾನೂ ಹೂಡಿದೆ. ಎದುರಿಗೆ ನೋಡಿದರೆ ನಡುವೆ ನಿಜವಾಗಿಯೂ ಏನೂ ಇಲ್ಲ! ಎಡಕ್ಕೆ ಬಂಡೆ, ಬಲಕ್ಕೆ ಜೊಂಡು, ಹಿಂದೆ ನೀರು, ನಡುವೆ ಬರೀ ಬಿಳಿ ಮರಳು. ದೇವರೇ ಪರದೆ ಬರೆದು ಬಿಟ್ಟುಹೋದ ಹಾಗಿತ್ತು.

ಲಾಯರು ಅಲ್ಲಿಂದಲೇ ಕೂಗಿದರು, "ಪರದೆಯಮ್ಮ, ಇವತ್ತು ನಿಮ್ಮ ದಿನ!"

ಎಲ್ಲರೂ ನಕ್ಕರು. ನನಗೂ ನಗು ಬಂತು, ಜೊತೆಗೇ ಸಿಟ್ಟೂ ಬಂತು. ಆ ಖಾಲಿ ಮರಳನ್ನು ನೋಡುತ್ತಾ ಕೂತೆ. ನನ್ನ ಪರದೆಗಳ ಮುಂದೆ ಎಷ್ಟು ಸಾವಿರ ಜನ ನಿಂತಿದ್ದಾರೆ. ನಾನು ಒಂದು ಸಲವೂ ನಿಂತಿಲ್ಲ. ನಿಲ್ಲು ಎಂದು ಅಣ್ಣ ಹೇಳಿಲ್ಲ, ನಿಲ್ಲುತ್ತೇನೆ ಎಂದು ನಾನೂ ಹೇಳಿಲ್ಲ. ಅಲ್ಲಿ ನಿಂತರೆ ಏನು ಕಾಣುತ್ತದೆ ಎಂದು ಯೋಚಿಸಿಯೇ ಇರಲಿಲ್ಲ.

ಸ್ಟ್ಯಾಂಡು ಮಡಚಿ, ಪೆಟ್ಟಿಗೆ ಎತ್ತಿಕೊಂಡು ದಡ ಇಳಿದೆ. ಮರಳಿನಲ್ಲಿ ಕಾಲು ಹೂತುಹೋಗುತ್ತಿತ್ತು. ಹೊಳೆಯ ನಟ್ಟನಡುವೆ ಹೋಗಿ, ನೀಲಿ ಛತ್ರಿ ನೆಟ್ಟು, ದಡದ ಕಡೆಗೆ ಮುಖ ಮಾಡಿ ಕೂತೆ.

ಮೇಲಿನಿಂದ ಬೊಬ್ಬೆ ಶುರುವಾಯಿತು.

"ಏನ್ರೀ ಅದು! ನಮ್ಮ ಚಿತ್ರದ ನಡುವೆ ಕೂತಿದೀರ!" ಇದು ಲಾಯರು.

"ಅಮ್ಮಾ, ಪಕ್ಕಕ್ಕೆ ಬನ್ನಿ! ಎಲ್ಲರಿಗೂ ಅಡ್ಡ ಆಗ್ತಿದೀರ!" ಇದು ಮೇಷ್ಟ್ರು, ಬಾಯಿಗೆ ಎರಡೂ ಕೈ ಹಿಡಿದು.

"ಬರಲ್ಲ!" ಎಂದೆ. ನನ್ನ ಗಂಟಲು ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. "ಹೊಳೆ ಯಾರಪ್ಪನದೂ ಅಲ್ಲ! ಬೇಕಾದ್ರೆ ನನ್ನನ್ನ ಬಿಟ್ಟು ಬರ್ಕೊಳ್ಳಿ!"

ನಾಲ್ಕು ಗಂಟೆ ಕೂತೆ. ಬಿಸಿಲು ಬಲಗಡೆಯಿಂದ ಬೀಳುತ್ತಿತ್ತು. ಕೆಮ್ಮಣ್ಣಿನ ದಡ ಒಂದು ಕಡೆ ಕುಸಿದು ಮರದ ಬೇರುಗಳು ಹೊರಗೆ ಜೋತಿದ್ದವು, ಅವುಗಳ ನೆರಳು ಕಪ್ಪಲ್ಲ, ಕಡುಹಸಿರು. ಮೇಲೆ ಎಂಟು ಸ್ಟ್ಯಾಂಡುಗಳು, ಎಂಟು ಜನ. ಒಂದು ಸಲ ತಲೆ ಎತ್ತುತ್ತಾರೆ, ಒಂದು ಸಲ ತಗ್ಗಿಸುತ್ತಾರೆ, ನೀರು ಕುಡಿಯುವ ಕೋಳಿಗಳ ಹಾಗೆ. ನರ್ಸಮ್ಮ ಒಂದು ಕಣ್ಣು ಮುಚ್ಚಿ ಕುಂಚ ಎತ್ತಿ ನನ್ನನ್ನೇ ಅಳೆಯುತ್ತಿದ್ದರು. ಮೇಷ್ಟ್ರು ಒಂದು ಹೊತ್ತು ಕೈ ಬೀಸಿದರು, ಒಂದು ಹೊತ್ತು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತರು. ಆ ನಿಲುವು ನನಗೆ ತುಂಬಾ ಹಿಡಿಸಿತು, ಅದನ್ನೇ ಬರೆದೆ. ದಡ, ಬೇರು, ಮರ, ಜನ, ನಡುವಿನ ತನಕ ತುಂಬಿಸಿಬಿಟ್ಟೆ. ಜಾಗ ಬಿಡಬೇಕು ಎನ್ನುವುದು ನೆನಪಿಗೇ ಬರಲಿಲ್ಲ. ಬಂದದ್ದು ವ್ಯಾನು ಹತ್ತಿದ ಮೇಲೆ.

ಕತ್ತು ಸುಟ್ಟು ಉರಿಯುತ್ತಿದೆ. ನರ್ಸಮ್ಮ ಏನೋ ಮುಲಾಮು ಹಚ್ಚಿದ್ದಾರೆ. ಹಸಿವು ಅಂದರೆ ಹಸಿವು, ಎರಡು ಸಲ ಬಡಿಸಿಕೊಂಡು ಉಂಡೆ.

ಮಾರ್ಚ್ 14, ಶುಕ್ರವಾರ

ಆಯ್ಕೆ. ಲಾಡ್ಜಿನ ಊಟದ ಹಾಲಿನಲ್ಲಿ ಎಲ್ಲರ ಚಿತ್ರಗಳನ್ನು ಗೋಡೆಗೆ ಒರಗಿಸಿಟ್ಟರು. ಮೇಷ್ಟ್ರು ನನ್ನದರ ಮುಂದೆ ಬಂದು ನಿಂತರು.

"ಇದು ನಿಸರ್ಗಚಿತ್ರ ಅಲ್ಲ. ನಮ್ಮ ಗ್ರೂಪ್ ಫೋಟೋ."

ಮೊದಲ ದಿನವಾಗಿದ್ದರೆ ಈ ಮಾತಿಗೆ ಒಳಗೇ ಕುದಿದು ಇಲ್ಲಿ ಎರಡು ಪುಟ ಬರೆಯುತ್ತಿದ್ದೆನೇನೋ. ಇವತ್ತು ಬಾಯಿಗೇ ಬಂತು.

"ಗ್ರೂಪ್ ಫೋಟೋ ನಾನು ಬೇಕಾದಷ್ಟು ನೋಡಿದೀನಿ ಮೇಷ್ಟ್ರೇ. ಅದರಲ್ಲಿ ಜನ ಬೆಟ್ಟಕ್ಕೆ ಬೆನ್ನು ಹಾಕಿ ನಿಂತಿರ್ತಾರೆ. ಇದರಲ್ಲಿ ಎಲ್ಲರೂ ಹೊಳೆ ನೋಡ್ತಿದಾರೆ."

"ಹೊಳೆ ಎಲ್ಲಿದೆ ಇದರಲ್ಲಿ?"

"ಅವರ ಮುಖದಲ್ಲಿದೆ. ಸರಿಯಾಗಿ ನೋಡಿ."

ಲಾಯರು ಕೆಮ್ಮಿದರು. ಆಗ ನರ್ಸಮ್ಮ ಒಂದು ಕೆಲಸ ಮಾಡಿದರು. ನಿನ್ನೆಯ ಹೊಳೆಯ ಚಿತ್ರಗಳನ್ನೆಲ್ಲ ಒಂದೊಂದಾಗಿ ನೋಡುತ್ತಾ ಬಂದರು. ಅವರದರಲ್ಲಿ ಮಾತ್ರ ಮರಳಿನ ನಡುವೆ ಒಂದು ವಕ್ರವಾದ ನೀಲಿ ಛತ್ರಿ ಇತ್ತು. ಉಳಿದವರೆಲ್ಲ ನನ್ನನ್ನು ಅಳಿಸಿಹಾಕಿ, ನಾನು ಕೂತಿದ್ದ ಕಡೆ ಮರಳು ಬಳಿದಿದ್ದರು.

"ಇವೆಲ್ಲ ನಡುವೆ ಖಾಲಿ ಇವೆಯಲ್ಲ ಮೇಷ್ಟ್ರೇ" ಎಂದರು ನರ್ಸಮ್ಮ. "ನಿಮ್ಮದೂ ಸೇರಿ."

ಮೇಷ್ಟ್ರು ತಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನದರ ಕಡೆ ತಿರುಗಿ, ಸೊಂಟಕ್ಕೆ ಕೈ ಕೊಟ್ಟು ಬಾಯಿ ತೆರೆದು ನಿಂತ ತಮ್ಮನ್ನು ತಾವೇ ಬಗ್ಗಿ ನೋಡಿದರು.

"ನನ್ನ ಹೊಟ್ಟೆ ಇಷ್ಟು ದೊಡ್ಡದಾ?"

"ಕಣ್ಣೆದುರು ಇದ್ದದ್ದನ್ನೇ ಬರೀರಿ ಅಂತ ನೀವೇ ಹೇಳಿದ್ದು."

"ನಾಳೆ ಇದು ಬಾಗಿಲ ಎದುರಿನ ಗೋಡೆಗೆ" ಎಂದರು. ಎಂದು ಹೊರಗೆ ಹೋಗಿ ಒಬ್ಬರೇ ನಿಂತರು. ಆಮೇಲೆ ನಾನೇ ಚಹಾ ತೆಗೆದುಕೊಂಡು ಹೋಗಿ ಕೊಟ್ಟೆ. ಎಷ್ಟಾದರೂ ನನ್ನ ಸೂರ್ಯನನ್ನು ಜಾಗಕ್ಕೆ ತಂದವರು ಅವರೇ.

ಹೆಸರು ಬರೆಯಿರಿ ಎಂದು ಚೀಟಿ ಕೊಟ್ಟರು. ಪರದೆಗಳ ಮೂಲೆಯಲ್ಲಿ ಯಾವಾಗಲೂ ಸ್ಟುಡಿಯೋದ ಹೆಸರೇ ಇರುತ್ತಿತ್ತು, ಅದನ್ನೂ ನಾನೇ ಬರೆಯುತ್ತಿದ್ದೆ. ಇವತ್ತು ನನ್ನದು ಬರೆದೆ. ಅಕ್ಷರ ಸ್ವಲ್ಪ ಸೊಟ್ಟ ಬಂತು.

ಮಾರ್ಚ್ 15, ಶನಿವಾರ

ಹನ್ನೊಂದು ಗಂಟೆಗೆ ಅಣ್ಣ ಬಂದ. ನಾನು ಕರೆದಿರಲಿಲ್ಲ, ಜಾಗ ಅತ್ತಿಗೆ ಹೇಳಿದಳಂತೆ. ಕರೆಯಬೇಕು ಎಂದುಕೊಂಡದ್ದು ಯಾವಾಗ ಮರೆತುಹೋಯಿತೋ ಗೊತ್ತಿಲ್ಲ. ಲೈಬ್ರರಿ ಹಾಲಿನ ಬಾಗಿಲಲ್ಲಿ, ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು, ಬಸ್ಸಿನಲ್ಲಿ ಮುದುರಿದ ಅಂಗಿಯಲ್ಲಿ ನಿಂತಿದ್ದ. ನೋಡಿದ ತಕ್ಷಣ ಪಾಪ ಅನ್ನಿಸಿತು, ಆಮೇಲೆ ಕೋಣೆ ನೆನಪಾಗಿ ಮೈ ಉರಿಯಿತು.

"ಆ ಬೇರೆಯವನು ಕೆಡಿಸಿಟ್ಟ ಪುಟ್ಟಿ" ಎಂದ, ಹೇಗಿದ್ದೀಯ ಎಂದೂ ಕೇಳದೆ. "ಜಲಪಾತ ಹೋಗಿ ಹರಿದ ಪಂಚೆ ಥರ ಆಗಿದೆ. ಮಂಟಪದವರು ಕೂಗಾಡ್ತಿದಾರೆ. ಟೈಲರನ್ನ ಇವತ್ತೇ ಎಬ್ಬಿಸ್ತೀನಿ. ಬ್ಯಾಗ್ ತಗೋ, ಎರಡು ಗಂಟೆಗೆ ಬಸ್ಸಿದೆ."

"ಟೈಲರನ್ನ ಎಬ್ಬಿಸಬೇಡ. ಪಾಪ, ಮಿಷನ್ ಹೊತ್ಕೊಂಡು ಬಂದಿದಾನೆ."

"ಮತ್ತೆ ನೀನೆಲ್ಲಿ ಬರೀತೀಯ?"

"ಹೊರಗಡೆ."

ಅವನಿಗೆ ಅರ್ಥವಾಗಲಿಲ್ಲ. ಜಲಪಾತ ಬರೆಯುವುದಾದರೆ ಮೊದಲು ಹೋಗಿ ನೋಡಿಕೊಂಡು ಬರುತ್ತೇನೆ, ಮೂಲೆಯಲ್ಲಿ ನನ್ನ ಹೆಸರು ಇರುತ್ತದೆ, ಒಪ್ಪಿಗೆ ಇದ್ದರೆ ಮಂಟಪದವರಿಗೆ ಹೇಳು ಎಂದೆ. ನನ್ನೊಂದಿಗೆ ಜಗಳ ಸೋತರೆ ಅವನು ಮಾಡುವುದು ಒಂದೇ, ಕೆಲಸಕ್ಕೆ ಇಳಿಯುವುದು. ಕ್ಯಾಮೆರಾ ಬಿಚ್ಚಿ ನರ್ಸಮ್ಮನ ಕೈಗೆ ಕೊಟ್ಟ.

"ಇಲ್ಲಿ ಒತ್ತಿ ಸಾಕು, ಎಲ್ಲ ಸರಿ ಮಾಡಿಟ್ಟಿದೀನಿ. ಬಾ ಪುಟ್ಟಿ, ಬಂದದ್ದಕ್ಕೆ ಒಂದು ಫೋಟೋ ಇರಲಿ."

ನನ್ನ ತೋಳು ಹಿಡಿದು ಬಾಗಿಲ ಎದುರಿನ ಗೋಡೆಗೆ ಕರೆದುಕೊಂಡು ಹೋದ. ಚಿತ್ರದ ಮುಂದೆ ನನ್ನನ್ನು ನಿಲ್ಲಿಸಿ, ಗಲ್ಲ ಹಿಡಿದು ಸ್ವಲ್ಪ ಎತ್ತಿ, ತಾನು ಪಕ್ಕದಲ್ಲಿ ನಿಂತ. ಕಾಲರು ಸರಿ ಮಾಡಿಕೊಂಡ, ಉಸಿರು ಹಿಡಿದ. ಇಬ್ಬರ ಬೆನ್ನೂ ನನ್ನ ಚಿತ್ರದ ಕಡೆಗಿತ್ತು. ಇಷ್ಟು ವರ್ಷ ಅವನು ಸಾವಿರಾರು ಜನರನ್ನು ನಿಲ್ಲಿಸಿದ್ದು ಹೀಗೇ. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ನನ್ನ ಕೆಲಸದ ಕಡೆ ಮುಖ ಮಾಡಿ ನಿಲ್ಲಬಹುದು ಎಂಬುದೇ ಅವನಿಗೆ ಹೊಳೆದಿರಲಿಲ್ಲ. ನನಗೆ ತಾನೇ ಯಾವಾಗ ಹೊಳೆದಿತ್ತು?

"ಅಣ್ಣ, ತಿರುಗು" ಎಂದೆ.

"ಯಾಕೆ? ಅಲ್ಲಾಡಬೇಡ, ಅವರು ಒತ್ತುತ್ತಾರೆ."

"ಫೋಟೋ ಬೇಡ. ತಿರುಗಿ ನೋಡು."

ತಿರುಗಿದ. ಮೊದಲು ಅವನ ಕಣ್ಣು ಅಭ್ಯಾಸಬಲದಿಂದ ನಡುವಿಗೆ ಹೋಯಿತು. ಅಲ್ಲಿ ದಡ ಕುಸಿದಿತ್ತು, ಬೇರುಗಳು ಜೋತಿದ್ದವು, ಮೇಷ್ಟ್ರು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. ಆಮೇಲೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಕೆಳಗಿನ ಚೀಟಿಯ ಮೇಲೆ ನನ್ನ ಹೆಸರು ಓದಿದ, ಮತ್ತೆ ಮೇಲೆ ನೋಡಿದ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ.

ಆಮೇಲೆ ಮೆತ್ತಗೆ ಕೇಳಿದ, ನಿಜವಾಗಿಯೂ ಗೊತ್ತಾಗದವನ ಹಾಗೆ.

"ಜಾಗಾನೇ ಬಿಟ್ಟಿಲ್ಲವಲ್ಲ ಪುಟ್ಟಿ. ಇದರಲ್ಲಿ ಜನ ಎಲ್ಲಿ ನಿಲ್ಲಬೇಕು?"

"ನೀನು ಈಗ ನಿಂತಿದೀಯಲ್ಲ, ಅಲ್ಲೇ" ಎಂದೆ.

ಅವನು ಅಲ್ಲಿಂದ ಕದಲಲಿಲ್ಲ. ಎರಡು ಗಂಟೆಯ ಬಸ್ಸು ಹೋಯಿತು.